ಗುಡುಗಿದರೆ ಕೆಳಗಿನ ಮನೆಗೆ

ಮದುವೆಯಾದ ಮೂರನೆಯ ವರ್ಷ ನಾವು ಪುಲಿಕೇಶಿನಗರದ ಒಂದು ಮಹಡಿ ಮನೆಗೆ ಬಾಡಿಗೆಗೆ ಬಂದೆವು. ವಿಳಾಸದಲ್ಲಿ ಪುಲಿಕೇಶಿನಗರ, ಎಲ್ಲರ ಬಾಯಲ್ಲಿ ಫ್ರೇಜರ್ ಟೌನ್. ಮಾಸ್ಕ್ ರೋಡಿನ ತಿಂಡಿ ಅಂಗಡಿಗಳ ಹೊಗೆ, ಗದ್ದಲ ಎಲ್ಲ ದಾಟಿ ಒಳಗೆ ತಿರುಗಿದರೆ ಸಿಗುವ ಓಣಿ. ಕೆಳಗೆ ದಪ್ಪ ಕಲ್ಲುಗೋಡೆಯ ಹಳೇ ಕಾಲದ ಮನೆ. ಅದರ ತಲೆಯ ಮೇಲೆ ಮಾಲೀಕರು ಆಮೇಲೆ ಎಬ್ಬಿಸಿದ್ದ ಎರಡು ಕೋಣೆ ನಮ್ಮದು. ಗೋಡೆ ನೆಟ್ಟಗಿತ್ತು, ನೆಲಕ್ಕೆ ಕೆಂಪು ಗಾರೆ ಇತ್ತು, ಮೇಲೆ ಮಾತ್ರ ಸಿಮೆಂಟ್ ಶೀಟು.

ನಾನು ಕುಕ್ ಟೌನಿನ ಒಂದು ಶಾಲೆಯಲ್ಲಿ ಕನ್ನಡ ಟೀಚರು. ಮನೆಯಿಂದ ನಡೆದೇ ಹೋಗಬಹುದಿತ್ತು. ನನ್ನ ಗಂಡನಿಗೆ ವಿಮಾನಪುರದ ಕಾರ್ಖಾನೆಯಲ್ಲಿ ಕೆಲಸ. ಹಾಗಾಗಿ ಇಬ್ಬರಿಗೂ ಅನುಕೂಲವೆಂದು ಒಪ್ಪಿಕೊಂಡೆವು. ಅಪ್ಪ ಮಾತ್ರ ಮನೆ ನೋಡಲು ಬಂದವರು ತಲೆಯೆತ್ತಿ ಶೀಟು ನೋಡಿ ಮುಖ ಸಿಂಡರಿಸಿದರು. ನಮ್ಮದು ಕೆ.ಆರ್. ಪುರದ ಆಚೆಯ ಹಳ್ಳಿಯ ಮನೆತನ. ರಾಗಿ, ತರಕಾರಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಕಟ್ಟಡಗಳು ನಿಂತಿವೆ. ಆದರೂ ಅಪ್ಪನ ಬಾಯಲ್ಲಿ ಮಳೆಗಳಿಗೆ ಇನ್ನೂ ನಕ್ಷತ್ರದ ಹೆಸರೇ.

"ಅಶ್ವಿನಿ, ಭರಣಿ ಕಳೆಯೋಗಂಟ ಹುಷಾರು ಕಣಮ್ಮ," ಅಂದರು. "ಮುಂಗಾರು ತನ್ನ ಪಾಡಿಗೆ ತಾನು ಸುರಿದು ಹೋಯ್ತದೆ. ಈ ಬೇಸಿಗೆ ಮಳೆ ಹಂಗಲ್ಲ. ಗಾಳಿ, ಸಿಡ್ಲು, ಆಲಿಕಲ್ಲು ಎಲ್ಲಾ ಜೊತೇಲೇ ಕಟ್ಕಂಡು ಬರ್ತದೆ."

ನಾನು ನಕ್ಕೆ. ಬೇಸಿಗೆಯ ಬಿಸಿಲು ಇಳಿಯುವ ಹೊತ್ತಿಗೆ ಒಂದು ಮಳೆ ಬಂದು ಮಣ್ಣಿನ ವಾಸನೆ ಬಿಟ್ಟು ಹೋದರೆ ಅದರಲ್ಲಿ ಹೆದರುವಂಥದ್ದೇನು ಅನ್ನಿಸಿತ್ತು.

ಏಪ್ರಿಲ್ ಬಂತು. ಶಾಲೆಗೆ ರಜೆ. ಗಂಡನಿಗೆ ಎರಡನೇ ಶಿಫ್ಟು, ಮಧ್ಯಾಹ್ನ ಹೋದರೆ ಬರುವುದು ಊಟದ ಹೊತ್ತು ಮೀರಿದ ಮೇಲೆ. ನಮಗಿನ್ನೂ ಮಕ್ಕಳಿರಲಿಲ್ಲ. ಮುಂದೆಯೂ ಆಗಲಿಲ್ಲ. ಆಗ ಮಾತ್ರ ಪ್ರತಿ ತಿಂಗಳೂ ಆಸೆಯಿತ್ತು. ಶೀಟಿನ ಕಾವಿಗೆ ಮಧ್ಯಾಹ್ನವೆಲ್ಲ ಒದ್ದೆ ಟವೆಲನ್ನು ಕತ್ತಿಗೆ ಸುತ್ತಿಕೊಂಡು ಕೂತಿರುತ್ತಿದ್ದೆ. ಕೆಳಗಿನ ಮನೆಯವರ ಪರಿಚಯ ಮೆಟ್ಟಿಲ ಮೇಲೆ ಎದುರಾದಾಗ ನಗುವಷ್ಟು. ಅಲ್ಲಿ ಗಂಡ, ಹೆಂಡತಿ, ನಾಲ್ಕು ವರ್ಷದ ಮಗಳು, ಗಂಡನ ತಾಯಿ ಇದ್ದರು. ಗಂಡನಿಗೆ ಶಿವಾಜಿನಗರದಲ್ಲಿ ಅಂಗಡಿ. ಹೆಂಡತಿ ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಓಣಿಯ ಮಕ್ಕಳೆಲ್ಲ ಅವರನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದರು, ನನಗೂ ಅವರು ಆಪಾ ಆದರು. ಅತ್ತೆಯನ್ನು ಇಡೀ ಓಣಿ ಅಮ್ಮಿ ಅನ್ನುತ್ತಿತ್ತು.

ಒಂದು ಸಂಜೆ ಗಾಳಿ ಇದ್ದಕ್ಕಿದ್ದಂತೆ ನಿಂತಿತು. ಎದುರು ಮನೆಯ ನುಗ್ಗೆಮರದ ಎಲೆ ಅಲುಗಲಿಲ್ಲ. ಒಣಹಾಕಿದ್ದ ಬಟ್ಟೆ ಎಳೆದುಕೊಂಡು ಒಳಗೆ ಬಂದು ಚಿಲಕ ಹಾಕುವಷ್ಟರಲ್ಲಿ ಬಾಗಿಲು ನನ್ನನ್ನೇ ದೂಡಿಕೊಂಡು ತೆರೆಯಿತು. ಅಂಥ ಗಾಳಿಯನ್ನು ನಾನು ಕಂಡಿರಲಿಲ್ಲ. ಹಿಂದೆಯೇ ಆಲಿಕಲ್ಲು. ಶೀಟಿನ ಮೇಲೆ ಆ ಸದ್ದಿಗೆ ನನ್ನ ಕಿರುಚು ನನಗೇ ಕೇಳಿಸಲಿಲ್ಲ. ಶೀಟು ಒಂದು ಮೂಲೆಯಲ್ಲಿ ಎದ್ದು ಎದ್ದು ಬೀಳುತ್ತಿತ್ತು. ನಾನು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿ ಮುಚ್ಚಿಕೊಂಡೆ.

ಯಾರೋ ತೋಳು ಹಿಡಿದೆಳೆದರು. ಕಣ್ಣು ತೆರೆದರೆ ಆಪಾ. ದುಪಟ್ಟಾ ಒದ್ದೆಯಾಗಿ ತಲೆಗೆ ಅಂಟಿಕೊಂಡಿತ್ತು.

"ಏನ್ ಟೀಚರ್, ಹುಚ್ಚಾ ನಿಮ್ಗೆ? ಶೀಟ್ ಹಾರೋಗೋ ಥರ ಐತೆ, ಇಲ್ಲೇ ಕೂತಿದೀರಲ್ಲ! ನಡೀರಿ ಕೆಳಗೆ!"

"ಬಾಗಿಲು..."

"ಬಾಗ್ಲು ನಕ್ಕೋ, ಗೀಗ್ಲು ನಕ್ಕೋ, ಏನೂ ಬೇಡ. ನಡೀರಿ!"

ಮೆಟ್ಟಿಲ ಮೇಲೆ ಆಲಿಕಲ್ಲು ಉರುಳುತ್ತಿದ್ದವು. ಜಾರದಂತೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಇಳಿದೆವು. ಕೆಳಗಿನ ಮನೆಯ ನಡುಕೋಣೆಗೆ ಕಿಟಕಿಯಿಲ್ಲ, ನಾಲ್ಕೂ ಕಡೆ ಕಲ್ಲುಗೋಡೆ. ಒಳಗೆ ಕಾಲಿಟ್ಟ ಕೂಡಲೇ ಸದ್ದು ಎಲ್ಲೋ ದೂರ ಹೋದಂತಾಯಿತು. ಅಮ್ಮಿ ಬೀರುವಿನ ಕನ್ನಡಿಗೆ ಹಾಸಿಗೆಯ ಹೊದಿಕೆ ಮುಚ್ಚಿ ಟೀವಿಯ ಪ್ಲಗ್ಗು ಕಿತ್ತಿದ್ದರು. ಸಿಡಿಲಿನ ಹೊತ್ತಿನಲ್ಲಿ ಕನ್ನಡಿ ತೆರೆದಿರಬಾರದಂತೆ. ನಮ್ಮಜ್ಜಿಯೂ ಹಾಗೇ ಮಾಡುತ್ತಿದ್ದಳು ಎಂದೆ. ಅಮ್ಮಿಗೆ ನನ್ನ ಕನ್ನಡ ಅರ್ಧ ಅರ್ಥವಾಯಿತೋ ಏನೋ, ಪಕ್ಕದಲ್ಲಿ ಕೂರುವಂತೆ ಚಾಪೆ ತಟ್ಟಿದರು.

ಸಿಡಿಲು ಹತ್ತಿರದಲ್ಲೇ ಎಲ್ಲೋ ಬಡಿಯಿತು. ಚಿಕ್ಕವಳು ಓಡಿಬಂದು ಯಾರ ಮಡಿಲೆಂದೂ ನೋಡದೆ ನನ್ನ ಮಡಿಲಿಗೆ ಬಿದ್ದಳು. ನನ್ನ ಎರಡೂ ಕೈ ತೆಗೆದುಕೊಂಡು ತನ್ನ ಕಿವಿಗಳ ಮೇಲೆ ಒತ್ತಿಕೊಂಡಳು. ನನಗೆ ಅಭ್ಯಾಸಬಲದಿಂದ ಬಾಯಿಗೆ ಬಂದದ್ದು ಅರ್ಜುನನ ಹೆಸರುಗಳು. ಗುಡುಗಿದಾಗ ಅಜ್ಜಿ ನಮ್ಮಿಂದ ಹೇಳಿಸುತ್ತಿದ್ದಳು. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ. ಅತ್ತ ಅಮ್ಮಿ ಕಣ್ಣು ಮುಚ್ಚಿ ತಮ್ಮ ದುವಾ ಹೇಳುತ್ತಿದ್ದರು. ಆಪಾ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ ನಕ್ಕುಬಿಟ್ಟರು.

"ಎರಡೂ ಕಡೆಯಿಂದ ಹೇಳಿದ್ರೆ ಒಳ್ಳೇದೇ ಬಿಡಿ," ಅಂದರು.

ಮಳೆ ನಿಂತ ಮೇಲೂ ನಾನು ತಕ್ಷಣ ಏಳಲಿಲ್ಲ. ಕರೆಂಟಿರಲಿಲ್ಲ. ಆಪಾ ಶುಂಠಿ ಜಜ್ಜಿ ಹಾಕಿದ ಚಹಾ ಕೊಟ್ಟರು. ಮಗು ನನ್ನ ಮಡಿಲಲ್ಲೇ ನಿದ್ದೆ ಹೋಗಿತ್ತು. ಅದರ ತಲೆಯಿಂದ ಕೊಬ್ಬರಿ ಎಣ್ಣೆಯ, ಬಿಸಿಲಿನ ವಾಸನೆ ಬರುತ್ತಿತ್ತು. ಎಬ್ಬಿಸಬೇಡಿ, ಇರಲಿ ಎಂದು ನಾನೇ ಹೇಳಿದೆ.

ಅಲ್ಲಿಂದ ಮುಂದೆ ಅದೊಂದು ವಾಡಿಕೆಯೇ ಆಯಿತು. ಬೇಸಿಗೆಯ ಮೋಡ ಎಷ್ಟೋ ಸಲ ಪೂರ್ವದಿಂದಲೇ ಏಳುತ್ತಿತ್ತು. ಕಾರ್ಖಾನೆ ನಮಗಿಂತ ಪೂರ್ವಕ್ಕಿದ್ದುದರಿಂದ ಗಂಡನಿಗೆ ಮೊದಲು ಕಾಣುತ್ತಿತ್ತು. ಫೋನ್ ಬರುತ್ತಿತ್ತು.

"ಇಲ್ಲಿ ಫುಲ್ ಕತ್ಲಾಗಿದೆ ಕಣೇ. ಇನ್ನೇನು ನಿಮ್ ಕಡೆ ಬರತ್ತೆ. ಆ ಶೀಟಿನ ಕೆಳಗೆ ಕೂರ್ಬೇಡ, ಕೆಳಗಿನ ಮನೆಗೆ ಹೋಗ್ಬಿಡು."

"ಹೂಂ, ಹೋಗ್ತೀನಿ," ಅನ್ನುತ್ತಿದ್ದೆ.

ದನಿಯಲ್ಲಿ ಹೆದರಿಕೆಯಿದೆ ಅಂದುಕೊಂಡು ಅವರು ಇನ್ನೆರಡು ಮಾತು ಧೈರ್ಯ ಹೇಳುತ್ತಿದ್ದರು. ನನಗೋ ಅಷ್ಟರಲ್ಲಿ ಸೀರೆ ಸರಿಮಾಡಿಕೊಂಡು, ತಲೆ ಬಾಚಿಕೊಂಡು, ಡಬ್ಬಿಯಲ್ಲಿ ಇದ್ದ ಕೋಡುಬಳೆಯನ್ನೋ ಚಕ್ಕುಲಿಯನ್ನೋ ಕಾಗದಕ್ಕೆ ಸುತ್ತಿಕೊಳ್ಳುವ ಅವಸರ. ಕೆಲಸವಿಲ್ಲದೆ ಇನ್ನೊಬ್ಬರ ಮನೆಗೆ ಹೋಗಬಾರದು ಅನ್ನುವ ಮನೆಯಲ್ಲಿ ಬೆಳೆದವಳು ನಾನು. ಸುಮ್ಮಸುಮ್ಮನೆ ಹೋಗಿ ಬಾಗಿಲು ತಟ್ಟಲು ನನಗೆ ಬರುತ್ತಿರಲಿಲ್ಲ. ಬರೀ ಮಳೆಯಾದರೂ ಸಾಲುತ್ತಿರಲಿಲ್ಲ, ಗುಡುಗು ಬೇಕಿತ್ತು. ಎಷ್ಟೋ ಮಧ್ಯಾಹ್ನ ಮೋಡ ಕಟ್ಟಿ, ನಾನು ತಯಾರಾಗಿ ಕೂತು, ಕೊನೆಗೆ ಅದು ಹಲಸೂರಿನ ಕಡೆಗೆ ಸರಿದು ಹೋಗುತ್ತಿತ್ತು. ಆಗ ಕೋಡುಬಳೆಯನ್ನು ಮತ್ತೆ ಡಬ್ಬಿಗೆ ಹಾಕುವಾಗ ಆಗುತ್ತಿದ್ದ ಬೇಸರವನ್ನು ನಾನು ಗಂಡನಿಗೂ ಹೇಳಿದವಳಲ್ಲ. ಊರೆಲ್ಲ ಕೊಂಬೆ ಮುರಿದು, ಯಾರದೋ ಮನೆಗೆ ನೀರು ನುಗ್ಗುವ ಮಳೆ ಬರಲಿ ಎಂದು ಬಯಸುವುದು ಹೇಳಿಕೊಳ್ಳುವ ಮಾತಾಗಿರಲಿಲ್ಲ.

ಮರುವರ್ಷ ರಂಜಾನ್ ತಿಂಗಳು ಮೇನಲ್ಲೇ ಬಂತು. ಒಂದು ಸಂಜೆ ಎಲ್ಲರೂ ಉಪವಾಸ ಬಿಡಲು ಕೂತಿದ್ದರು. ಊಟಕ್ಕೆಂದು ನೆಲದ ಮೇಲೆ ಹರವಿದ ದಸ್ತರ್‌ಖಾನಿನ ಮೇಲೆ ಖರ್ಜೂರ, ಕಲ್ಲಂಗಡಿ, ಗಂಜಿ. ನಾನೂ ಸಿಡಿಲಿಗೆ ಓಡಿಬಂದವಳು ಮೂಲೆಯಲ್ಲಿದ್ದೆ. ಕರೆಂಟು ಹೋಗಿತ್ತು, ಗುಡುಗು ಬಿಟ್ಟೂಬಿಡದೆ ಮೊರೆಯುತ್ತಿತ್ತು. ಮಸೀದಿ ಅಷ್ಟು ಹತ್ತಿರವಿದ್ದರೂ ಆಜಾನ್ ಕೇಳಿಸುತ್ತಲೇ ಇಲ್ಲ. ಅಮ್ಮಿ ಕೈಯಲ್ಲಿ ಖರ್ಜೂರ ಹಿಡಿದು ಕಿವಿಗೊಟ್ಟು ಕೂತಿದ್ದರು.

"ಟೀಚರ್, ನಿಮ್ ಫೋನಲ್ಲಿ ಟೈಮ್ ನೋಡಿ ಹೇಳಿ," ಅಂದರು ಆಪಾ. "ನಂದು ಚಾರ್ಜ್ ಇಲ್ಲ. ಅಮ್ಮಿ ಗಡಿಯಾರ ನಿಂತೋಗಿದೆ."

ನೋಡಿ ಹೇಳಿದೆ. ಹೊತ್ತು ಆಗಿತ್ತು. ಅಮ್ಮಿ ನಂಬಲೋ ಬೇಡವೋ ಎಂಬಂತೆ ನನ್ನ ಮುಖವನ್ನೇ ನೋಡಿದರು. "ಸಚ್ಚೀ?" ಅಂದರು.

"ಸಚ್ಚೀ ಅಮ್ಮಿ," ಅಂದೆ. ಹೇಳಿದ ಮೇಲೆ ಭಯವಾಗಿ ಇನ್ನೊಮ್ಮೆ ಫೋನು ನೋಡಿಕೊಂಡೆ. ಬೆಳಗಿನಿಂದ ಒಂದು ಗುಟುಕು ನೀರು ಕುಡಿಯದ ಆ ಮುದುಕಿ ನನ್ನ ಮಾತಿನ ಮೇಲೆ ಖರ್ಜೂರ ಬಾಯಿಗಿಟ್ಟುಕೊಂಡರು. ಇನ್ನೊಂದನ್ನು ನನ್ನ ಅಂಗೈಗೆ ಹಾಕಿ ಬೆರಳು ಮಡಚಿದರು. ಚಿಕ್ಕವಳಿಗೆ ಮಾತ್ರ ಉಪವಾಸವಿರಲಿಲ್ಲ. ಅವಳು ಆಗಲೇ ಕಲ್ಲಂಗಡಿ ಮುಗಿಸಿ ನನ್ನ ಸೆರಗಿಗೆ ಕೈ ಒರೆಸುತ್ತಿದ್ದಳು.

ಅದಾಗಿ ಕೆಲವೇ ದಿನಗಳಿಗೆ ದೊಡ್ಡ ಮಳೆ ಬಂತು. ಅವತ್ತು ಗಂಡ ಫೋನಿನಲ್ಲಿ ಧೈರ್ಯ ಹೇಳಲಿಲ್ಲ. "ಇಲ್ಲಿ ಗೇಟ್ ಹತ್ರ ಮರ ಬಿದ್ದಿದೆ. ಈಗ್ಲೇ ಇಳಿ, ಈಗ್ಲೇ," ಅಂದು ಇಟ್ಟುಬಿಟ್ಟರು. ನಾನು ನಡುಕೋಣೆಗೆ ಬಂದು ಕೂತು ಮಗುವಿನ ಕಿವಿ ಮುಚ್ಚುವಷ್ಟರಲ್ಲಿ ಗಾಳಿ ಬಂದೇ ಬಂತು. ಕಲ್ಲುಗೋಡೆಯ ಒಳಗೂ ಅದರ ಊಳು ಕೇಳಿತು. ಆಮೇಲೆ ತಲೆಯ ಮೇಲೆ ಏನೋ ಕಿರುಗುಟ್ಟಿ, ಎಳೆದಂತಾಗಿ, ಓಣಿಯಲ್ಲಿ ದೊಡ್ಡದಾಗಿ ಒಡೆಯಿತು. ಇನ್ನೊಂದು. ಮತ್ತೊಂದು.

ನಾನು ಎದ್ದೆ. "ನಮ್ಮ ಶೀಟು..."

ಆಪಾ ನನ್ನ ಎರಡೂ ರಟ್ಟೆ ಹಿಡಿದು ಗೋಡೆಗೆ ಒತ್ತಿ ನಿಲ್ಲಿಸಿದರು. "ಹೋಗ್ಲಿ! ಸಾಮಾನು ಹೋದ್ರೆ ಹೋಗ್ಲಿ. ನೀವು ಬಾಗ್ಲು ದಾಟಿದ್ರೆ ನನ್ ಮೇಲಾಣೆ."

ಮಳೆ ಸಣ್ಣದಾದ ಮೇಲೆ ಇಬ್ಬರೂ ಹತ್ತಿಹೋದೆವು. ಅಡುಗೆಮನೆಯ ಮೇಲೆ ಆಕಾಶವಿತ್ತು. ಮಂಚದ ಮೇಲೆ ಆಲಿಕಲ್ಲಿನ ರಾಶಿ, ನಡುವೆ ಒಂದು ಶೀಟಿನ ಹೋಳು ಹಾಸಿಗೆಯನ್ನು ಸೀಳಿ ನಿಂತಿತ್ತು. ನಾನು ಎಂದಿನಂತೆ ಪುಸ್ತಕ ಹಿಡಿದು ಒರಗುವ ಜಾಗವೇ ಅದು. ಪಕ್ಕದ ರಸ್ತೆಯಲ್ಲಿ ದೊಡ್ಡ ಮಳೆಮರವೊಂದು ಬುಡಸಮೇತ ಮಗುಚಿ, ನಿಂತಿದ್ದ ಆಟೋ ಒಂದನ್ನು ಅಪ್ಪಚ್ಚಿ ಮಾಡಿತ್ತು. ಡ್ರೈವರು ಚಹಾ ಕುಡಿಯಲು ಇಳಿದಿದ್ದನಂತೆ. ಅವನು ಅದನ್ನೇ ಬಂದವರಿಗೆಲ್ಲ ಮತ್ತೆ ಮತ್ತೆ ಹೇಳುತ್ತಿದ್ದ.

ಆಪಾ ನನ್ನ ಸೀರೆಗಳನ್ನೆಲ್ಲ ಕೆಳಗೆ ಒಯ್ದು ಹಿಂಡಿ, ಅವರ ಹಾಲಿನ ಅಡ್ಡಗಲಕ್ಕೂ ಹಗ್ಗ ಕಟ್ಟಿ ಹರವಿದರು. ಬಸ್ಸಿಲ್ಲದೆ ಹಲಸೂರಿನಿಂದ ನೀರಿನಲ್ಲಿ ನಡೆದು ಬಂದ ನನ್ನ ಗಂಡ ಆ ಸೀರೆಗಳ ನಡುವೆ ತಲೆ ತೂರಿಸಿ ನನ್ನನ್ನು ಕಂಡರು. ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟರು.

ಮಾಲೀಕರು ಬಂದು ನೋಡಿ, ಇನ್ನು ಶೀಟು ಬೇಡ, ಮೋಲ್ಡಿಂಗೇ ಹಾಕಿಸುತ್ತೇನೆಂದರು. ಅಷ್ಟು ದಿನ ನಾವು ಅಪ್ಪನ ಮನೆಯಲ್ಲಿದ್ದೆವು. ತಿರುಗಿ ಬಂದಾಗ ತಲೆಯ ಮೇಲೆ ಹೊಸ ಕಾಂಕ್ರೀಟು, ಸುಣ್ಣದ ವಾಸನೆ. ಅಪ್ಪ ಬಂದು ಕೋಲಿನಿಂದ ಗೋಡೆ ತಟ್ಟಿ, "ಈಗ ಮನೆ ಅನ್ನಿಸ್ತು ನೋಡು," ಅಂದರು.

ಆ ಮುಂದಿನ ಬೇಸಿಗೆಯ ಮೊದಲ ಗುಡುಗು ನನಗೆ ಚೆನ್ನಾಗಿ ನೆನಪಿದೆ. ಮೋಡ ಕಟ್ಟಿತು. ಫೋನ್ ಬಂತು.

"ಇಲ್ಲಿ ಶುರುವಾಯ್ತು. ಈಗೇನ್ ಭಯ ಇಲ್ಲ ಬಿಡು, ಆರಾಮಾಗಿ ಮಲಕೋ," ಅಂದರು ಗಂಡ.

ನಾನು ಮಂಚದ ಮೇಲೆ ಕೂತೆ. ಆಲಿಕಲ್ಲು ಬಿದ್ದರೂ ಮೇಲೆ ಸದ್ದೇ ಇಲ್ಲ. ಕೆಳಗಿನಿಂದ ಬೀರು ಎಳೆದ ಸದ್ದು, ಪಾತ್ರೆಯ ಸದ್ದು, ಚಿಕ್ಕವಳ ಕೂಗು ನೆಲದ ಮೂಲಕ ಬರುತ್ತಿತ್ತು. ಆಪಾ ಬಂದು ಬಾಗಿಲು ಬಡಿಯಬಹುದೆಂದು ಕಾದೆ. ಬಡಿಯಲಿಲ್ಲ. ಯಾಕೆ ಬಡಿಯಬೇಕು? ಕೋಡುಬಳೆ ಕಾಗದಕ್ಕೆ ಸುತ್ತಿ ಮೆಟ್ಟಿಲವರೆಗೆ ಹೋದೆ. ಅರ್ಧ ಇಳಿದೆ. ಒಳಗೆ ಚಿಕ್ಕವಳು ದೊಡ್ಡ ದನಿಯಲ್ಲಿ "ಅರ್ಜುನ, ಫಲ್ಗುಣ, ಪಾರ್ಥ" ಅನ್ನುತ್ತಿದ್ದಳು. ಮುಂದಿನ ಹೆಸರು ಮರೆತು ತಡವರಿಸಿದಳು. ಅಮ್ಮಿ "ಕಿರೀಟೀ" ಅಂತ ಎಳೆದು ಹೇಳಿಕೊಟ್ಟರು. ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಹೋಗಿ ಏನೆಂದು ಹೇಳುವುದು? ಮನೆ ಭದ್ರವಾಗಿದೆ, ಆದರೂ ಬಂದೆ ಅನ್ನುವುದೇ? ಮಳೆಯ ಎರಚಲಿಗೆ ಕಾಗದ ಒದ್ದೆಯಾಯಿತು. ತಿರುಗಿ ಹತ್ತಿ ಹೋದೆ.

ಆ ಬೇಸಿಗೆಯಿಡೀ ಹಾಗೇ ಕಳೆಯಿತು. ಮೆಟ್ಟಿಲ ಮೇಲೆ ಸಿಕ್ಕಾಗ ಆಪಾ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಚಿಕ್ಕವಳು ಶಾಲೆಗೆ ಸೇರಿದ್ದಳು. ವರ್ಷ ಮುಗಿಯುವಷ್ಟರಲ್ಲಿ ಅಪ್ಪ ತಮ್ಮ ಕಟ್ಟಡದ ನಾಲ್ಕನೇ ಮಹಡಿ ನಮಗೆ ಬಿಟ್ಟುಕೊಟ್ಟರು. ಸಾಮಾನು ಸಾಗಿಸುವ ದಿನ ಆಪಾ ಮೇಲೆ ಬಂದರು. ಹೊಸ ತಾರಸಿಯನ್ನು ತಲೆಯೆತ್ತಿ ನೋಡಿದರು. "ಗಟ್ಟಿ ಹಾಕ್ಸಿದಾರೆ," ಅಂದರು, ಅಷ್ಟೇ.

ಈಗ ನಮ್ಮ ಮನೆಗೆ ದೊಡ್ಡ ಗಾಜಿನ ಕಿಟಕಿಗಳಿವೆ. ಅವುಗಳನ್ನು ಎಳೆದುಬಿಟ್ಟರೆ ಸಿಡಿಲು ಹೊಡೆಯುವುದು ಕಾಣುತ್ತದೆ, ಸದ್ದು ಅಷ್ಟಾಗಿ ಬರುವುದಿಲ್ಲ. ಏಪ್ರಿಲ್ ಹುಟ್ಟಿದರೆ ಮೊಬೈಲಿಗೆ ಎಚ್ಚರಿಕೆ ಬರತೊಡಗುತ್ತದೆ. ಗುಡುಗು ಸಹಿತ ಮಳೆ, ಬಿರುಗಾಳಿ, ಮರದ ಕೆಳಗೆ ನಿಲ್ಲಬೇಡಿ, ಒಳಗೇ ಇರಿ. ನಾನು ಒಳಗೇ ಇರುತ್ತೇನೆ. ಗಂಡ ಈಗ ಜನರಲ್ ಶಿಫ್ಟಿನಲ್ಲಿ ಬೇಗ ಬರುತ್ತಾರೆ. ಇಬ್ಬರೂ ಕಿಟಕಿಯ ಬಳಿ ನಿಂತು ಕೆ.ಆರ್. ಪುರದ ತೂಗುಸೇತುವೆಯ ಕಡೆ ವಾಹನಗಳ ದೀಪ ಸಾಲುಗಟ್ಟಿ ನಿಂತಿರುವುದನ್ನು ನೋಡುತ್ತೇವೆ. ನನ್ನ ಎರಡು ಕೈಗೂ ಆಗ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಈ ವರ್ಷ ಮೇನಲ್ಲಿ ಒಂದು ದಿನ ಊಟದ ಹೊತ್ತಿಗೆ ಎಚ್ಚರಿಕೆ ಬಂತು, ಎಂದಿಗಿಂತ ಜೋರಾಗಿ. ಓದಿದೆ. ಕೊಡೆ ತೆಗೆದುಕೊಂಡು ಚಪ್ಪಲಿ ಹಾಕಿಕೊಂಡೆ. ಅವತ್ತು ರಜೆಯಲ್ಲಿದ್ದ ಗಂಡ ಬೆರಗಾಗಿ, "ಮಳೆ ಬರೋ ಹೊತ್ತಲ್ಲಿ ಎಲ್ಲಿಗೆ ಹೊರಟೆ?" ಅಂದರು.

"ಫ್ರೇಜರ್ ಟೌನಿಗೆ."

ಅವರು ಮುಖ ನೋಡಿದರು. "ಆಟೋದಲ್ಲಿ ಹೋಗು, ಮರದ ಕೆಳಗೆ ನಡೀಬೇಡ," ಅಂದರು.

ಮೆಟ್ರೋದಲ್ಲಿ ಹಲಸೂರಿಗೆ ಬಂದು ಆಟೋ ಹಿಡಿದೆ. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಡ್ರೈವರು ಕೋಲ್ಸ್ ರೋಡಿನ ಮರಗಳನ್ನು ನೋಡಿ, "ಜೋರಾಗ್ ಬಂದ್ರೆ ನಿಲ್ಸ್‌ಬಿಡ್ತೀನಿ ಮೇಡಂ, ಈ ಮರಗಳ್ನ ನಂಬೋ ಹಂಗಿಲ್ಲ," ಅಂದ. ಬರಲಿಲ್ಲ. ಓಣಿಯ ಬಾಯಲ್ಲಿ ಇಳಿದೆ.

ಬಾಗಿಲು ತೆರೆದವರು ಆಪಾ. ತಲೆ ಅರ್ಧ ನೆರೆತಿತ್ತು. "ಅರೆ, ಟೀಚರ್!" ಅಂದು ಕೈ ಹಿಡಿದು ಒಳಗೆ ಎಳೆದುಕೊಂಡರು. ನಡುಕೋಣೆಯಲ್ಲಿ ಈಗ ಸೋಫಾ ಇತ್ತು. ಅಮ್ಮಿ ಎಲ್ಲಿ ಎಂದು ಕೇಳುವ ಮೊದಲೇ ಗೊತ್ತಾಯಿತು. ಅಮ್ಮಿ ತೀರಿಕೊಂಡು ಎರಡು ವರ್ಷವಾಯಿತು, ನಿಮ್ಮ ನಂಬರ್ ಬದಲಾಗಿತ್ತು, ಹೇಳೋಣ ಅಂದರೆ ಸಿಗಲಿಲ್ಲ ಅಂದರು. ಏಳನೇ ಕ್ಲಾಸು ಮುಗಿಸಿದ ಹುಡುಗಿ ಬಂದು ನಿಂತು ಮರ್ಯಾದೆಯಿಂದ ಸಲಾಂ ಮಾಡಿದಳು. ಅವಳ ತಾಯಿ, "ಜ್ಞಾಪಕ ಇಲ್ವಾ? ಮೇಲಿನ ಟೀಚರ್. ಗುಡುಗಿದ್ರೆ ಇವರ ಮಡ್ಲಲ್ಲೇ ಇರ್ತಿದ್ದೆ," ಅಂದರು. ಹುಡುಗಿ ನಕ್ಕಳು. ನೆನಪಿಲ್ಲವೆಂದು ಆ ನಗೆಯಲ್ಲೇ ಗೊತ್ತಾಯಿತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಳಗೆ ಹೋದಳು.

ಚಹಾ ಕುಡಿಯುತ್ತ ಕೂತೆವು. ದೂರದಲ್ಲಿ ಎರಡು ಸಲ ಗುಡುಗಿತು. ಇಬ್ಬರೂ ಮಾತು ನಿಲ್ಲಿಸಿ ಕೇಳಿದೆವು. ಅಷ್ಟೇ. ಬಾಗಿಲ ಬಳಿಯ ಬೆಳಕು ನಿಧಾನವಾಗಿ ಹಳದಿಯಾಯಿತು, ಮೋಡ ಸರಿದು ಹೋಯಿತು.

"ಇವತ್ತು ಬರಲ್ಲ," ಅಂದರು ಆಪಾ. ಆಮೇಲೆ, "ಮೋಲ್ಡಿಂಗ್ ಆದ ವರ್ಷ ಅಮ್ಮಿ ದಿನಾ ಕೇಳ್ತಿದ್ರು, ಟೀಚರ್ ಕಾಯ್ಕು ನಹೀ ಆರೇ ಅಂತ. ನಾನು ಹೇಳ್ದೆ, ಅವರ ಮನೆ ಗಟ್ಟಿ ಆಯ್ತಲ್ಲ ಅಮ್ಮಿ, ಇನ್ಯಾಕ್ ಬರ್ತಾರೆ ಅಂತ."

ನಾನು ಲೋಟ ಕೆಳಗಿಟ್ಟೆ. "ನೀವು ಕರೀತೀರೇನೋ ಅಂತ ಕಾದೆ ಆಪಾ."

"ನಾನ್ ಏನಂತ ಕರೀಲಿ?" ಅಂದರು. "ಮಳೆ ಇಲ್ದೇನೂ ಬರಬಹುದಿತ್ತು ನೀವು."

ನನ್ನ ಲೋಟಕ್ಕೆ ಚಹಾ ಇನ್ನಷ್ಟು ಬಗ್ಗಿಸಿದರು.

ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ, ಎರಡೂ ಸಲ ಒಣ ಹವೆಯಲ್ಲಿ, ಭಾನುವಾರ. ಚೆನ್ನಾಗಿಯೇ ಇರುತ್ತದೆ. ಆದರೆ ಟೀವಿ ನಡೆಯುತ್ತಿರುತ್ತದೆ, ಫೋನುಗಳು ಬರುತ್ತಿರುತ್ತವೆ, ಕನ್ನಡಿಯಲ್ಲಿ ನಮ್ಮಿಬ್ಬರ ನರೆಗೂದಲು ಕಾಣುತ್ತಿರುತ್ತದೆ. ನಾನು ಹಂಬಲಿಸುವುದು ಆ ಮನೆಗೋ, ಆ ಹೊತ್ತಿಗೋ, ಮಡಿಲ ಮೇಲಿನ ಆ ಭಾರಕ್ಕೋ, ಬಿಡಿಸಿ ಹೇಳಲಾರೆ. ಹೋದ ಸಲ ಆಪಾ ಮೆಂತ್ಯ ಸೊಪ್ಪಿನ ಕಟ್ಟು ಮುಂದಿಟ್ಟುಕೊಂಡಿದ್ದರು. ಒಂದು ಕಟ್ಟು ಬಿಚ್ಚಿ ನನ್ನ ಕಡೆ ದೂಡಿದರು. ಸಂಜೆಯವರೆಗೆ ಇಬ್ಬರೂ ಕೂತು ಎಲೆ ಬಿಡಿಸಿದೆವು.